ಗಿಡದೊಳಗೊಂದು ಸ್ವಿಚ್ಚು

ಜೀವವಿಜ್ಞಾನಿಗಳ ಕೈಚಳಕದಲ್ಲಿ ನನಗೆ ಬಹಳ ಇಷ್ಟವಾದದ್ದು ಎಕ್ಸ್‌ವಿಇ. ಗಿಡದಲ್ಲಿ ಸೇರಿಸಿದ ಜೀನನ್ನು ಬೇಕಾದ ಹೊತ್ತಿಗೆ ಚಾಲೂ ಮಾಡುವ ಈ ಸ್ವಿಚ್ಚನ್ನು ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ನಾಮ್-ಹೈ ಚುವಾ ಅವರ ಪ್ರಯೋಗಾಲಯ 2000ದಲ್ಲಿ ಪ್ರಕಟಿಸಿತು.

ಅದರ ಮೂರು ಮುಖ್ಯ ಭಾಗಗಳಲ್ಲಿ ಒಂದೂ ಗಿಡದ್ದಲ್ಲ. ಡಿಎನ್‌ಎಯ ಗೊತ್ತಾದ ಜಾಗವನ್ನು ಹಿಡಿಯುವ ಲೆಕ್ಸ್‌ಎ ಬ್ಯಾಕ್ಟೀರಿಯಾದ್ದು; ಜೀನನ್ನು ಎಬ್ಬಿಸುವ ವಿಪಿ16 ಹರ್ಪಿಸ್ ವೈರಸ್ಸಿನದು; ಅಪ್ಪಣೆಗೆ ಕಾಯುವ ಭಾಗ ಮನುಷ್ಯರ ಈಸ್ಟ್ರೋಜನ್ ಗ್ರಾಹಕದ್ದು. ಮೂರನ್ನೂ ಬೆಸೆದು ಒಂದೇ ಪ್ರೋಟೀನು ಮಾಡಿದರು. ಈಸ್ಟ್ರಡಯಾಲ್ ಎಂಬ ಈಸ್ಟ್ರೋಜನ್ ಸಿಗುವವರೆಗೆ ಅದು ತೆಪ್ಪಗಿರುತ್ತದೆ. ಸಿಕ್ಕೊಡನೆ ಲೆಕ್ಸ್‌ಎ ಹಿಡಿಯುವ ಜಾಗದ ಪಕ್ಕದ ಜೀನನ್ನು ಎಬ್ಬಿಸುತ್ತದೆ.

ಇದೇ ಪ್ರಯೋಗಾಲಯ 1997ರಲ್ಲಿ ಯೀಸ್ಟ್ ಮತ್ತು ಇಲಿಯ ಭಾಗಗಳನ್ನು ಬಳಸಿ ಜಿವಿಜಿ ಎಂಬ ಸ್ವಿಚ್ಚು ಕಟ್ಟಿತ್ತು. ಕೆಲವು ಸಸಿಗಳ ಬೆಳವಣಿಗೆಯನ್ನೇ ಅದು ಕೆಡಿಸುತ್ತಿತ್ತು. ಅಷ್ಟಕ್ಕೇ ತೃಪ್ತರಾಗದೆ ಭಾಗಗಳನ್ನು ಬದಲಿಸಿ ಮತ್ತೆ ಕಟ್ಟಿದ ಆ ಹಟ ನನಗೆ ದೊಡ್ಡದಾಗಿ ಕಾಣುತ್ತದೆ.

ಸದಾ ಚಾಲೂ ಇದ್ದರೆ ಸಸಿಯನ್ನೇ ಕೊಲ್ಲಬಲ್ಲ ಜೀನ್‌ಗಳಿವೆ. ಸಸಿ ಆರೋಗ್ಯವಾಗಿ ಬೆಳೆದ ಮೇಲೆ ಅವನ್ನು ಎಬ್ಬಿಸಿ, ಮುಂದೇನಾಗುತ್ತದೆಂದು ಗಂಟೆಗಂಟೆಗೂ ನೋಡುವ ದಾರಿ ಎಕ್ಸ್‌ವಿಇಯಿಂದ ಸಿಕ್ಕಿತು. ಪ್ರಕೃತಿ ಬೇರೆಬೇರೆ ಜೀವಿಗಳಲ್ಲಿ ರೂಪಿಸಿದ್ದನ್ನು ಅರಿತು ಜೋಡಿಸುವ ಇಂಥ ವಿವೇಕವೇ ಸಸ್ಯ ತಳಿ ತಂತ್ರಜ್ಞಾನದ ನಿಜವಾದ ಕಸುಬುಗಾರಿಕೆ.