ಪುಣೆಯ ಐತಿಹಾಸಿಕ ಚಿತ್ರಪರಂಪರೆ
ನಡೆದುಹೋದುದನ್ನು ಬೆಳ್ಳಿತೆರೆಯ ಮೇಲೆ ಮತ್ತೊಮ್ಮೆ ನಡೆಸಿ ತೋರಿಸಹೊರಟವನಿಗೆ ಎದುರಾಗುವ ಮೊದಲ ತೊಡಕೆಂದರೆ ಕಥೆಯ ಅಂತ್ಯವು ಪ್ರೇಕ್ಷಕನಿಗೆ ಆಗಲೇ ತಿಳಿದಿರುವುದು. ಮುಂದೇನಾಗುವುದೋ ಎಂಬ ಕುತೂಹಲವನ್ನು ಕಳೆದುಕೊಂಡ ಅಂಥ ಕಥೆಗೆ ಜೀವ ಬರಬೇಕಾದರೆ, ಆದುದು ಹಾಗೇಕೆ ಆಯಿತು, ಆ ಗಳಿಗೆಯಲ್ಲಿ ಆ ಮನುಷ್ಯರ ಅಂತರಂಗ ಎಂತಿದ್ದಿತು ಎಂಬ ಇನ್ನೂ ಆಳವಾದ ಜಿಜ್ಞಾಸೆ ಅದರಲ್ಲಿ ಹುಟ್ಟಬೇಕು. ಈ ಜಿಜ್ಞಾಸೆಯನ್ನು ಪುಣೆಯ ಚಿತ್ರಕಾರರಷ್ಟು ಶ್ರದ್ಧೆಯಿಂದ ನಡೆಸಿಕೊಂಡು ಬಂದವರು ವಿರಳ; ಅವರ ಸಾಧನೆಯ ಶಿಖರವೆಂದು ನಾನೆಣಿಸುವ ‘22 ಜೂನ್ 1897’ ಎಂಬ ಮರಾಠಿ ಚಿತ್ರದ ಚಿತ್ರಕಥೆಯಲ್ಲಿ ನಮ್ಮ ಶಂಕರನಾಗ್ ಅವರ ಕೈಯೂ ಉಂಟೆಂಬುದು ಕನ್ನಡಿಗರು ಮರೆಯಬಾರದ ಸಂಗತಿ.

ಪರಂಪರೆಯ ಬೇರು ಪ್ರಭಾತ್ ಸಂಸ್ಥೆಯಲ್ಲಿದೆ. 1929ರಲ್ಲಿ ಕೊಲ್ಹಾಪುರದಲ್ಲಿ ಜನಿಸಿ 1933ರಲ್ಲಿ ಪುಣೆಗೆ ಬಂದು ನೆಲೆಸಿದ ಆ ಸಂಸ್ಥೆ, ದಾಮ್ಲೆ ಮತ್ತು ಫತ್ತೇಲಾಲರ ‘ಸಂತ ತುಕಾರಾಮ’ದಲ್ಲಿ (1936) ಸಂತನನ್ನು ಗಂಟಲು ಹರಿಯುವಂತೆ ಗದರುವ ಅವನ ಹೆಂಡತಿಯ, ಹಸಿದ ಮಕ್ಕಳ, ಬರಿದಾದ ಮಡಕೆಗಳ ನಡುವೆ ನಿಲ್ಲಿಸಿ, ಪುಣ್ಯಪುರುಷನೂ ಒಂದು ಮನೆಯ ಒಡೆಯನೆಂಬುದನ್ನು ತೋರಿಸಿಕೊಟ್ಟಿತು. ಎಂಟು ವರ್ಷಗಳ ತರುವಾಯ ಗಜಾನನ ಜಾಗೀರ್‌ದಾರರು ತಾವೇ ನಿರ್ದೇಶಿಸಿ, ತಾವೇ ನಾಯಕರಾಗಿ ಅಭಿನಯಿಸಿದ ‘ರಾಮಶಾಸ್ತ್ರಿ’ ಪುಣೆಯದೇ ರಕ್ತಸಿಕ್ತ ಪ್ರಕರಣವೊಂದಕ್ಕೆ ಕೈಯಿಕ್ಕಿತು. 1773ರಲ್ಲಿ ಶನಿವಾರವಾಡೆಯೊಳಗೆ ಎಳೆಯ ವಯಸ್ಸಿನ ಪೇಶ್ವೆ ನಾರಾಯಣರಾಯನು ಕೊಲೆಯಾದಾಗ, ಅಧಿಕಾರಕ್ಕೆ ಬಂದ ಚಿಕ್ಕಪ್ಪ ರಘುನಾಥರಾಯನೇ ಅಪರಾಧಿಯೆಂದು ಅವನ ಮುಖದೆದುರು ಸಾರಿದ ನ್ಯಾಯಾಧೀಶನ ಕಥೆ ಅದು. ಜಾಗೀರ್‌ದಾರರ ಅಭಿನಯದ ಗಾಂಭೀರ್ಯವನ್ನು ನಾನು ಮನಸಾರ ಗೌರವಿಸುತ್ತೇನೆ. ಆದರೂ ಧರ್ಮವೆಲ್ಲ ಒಬ್ಬನಲ್ಲಿಯೇ ಮೂರ್ತಿವೆತ್ತು ನಿಂತಾಗ, ಎದುರಿನ ಪಾತ್ರಗಳು, ವಿಶೇಷವಾಗಿ ರಘುನಾಥರಾಯನ ಹೆಂಡತಿ ಆನಂದಿಬಾಯಿ, ಕೇವಲ ದುಷ್ಟತನದ ಪ್ರತಿಮೆಗಳಾಗಿ ಬಡವಾಗುವುವೆಂಬ ಕೊರತೆಯನ್ನು ಹೇಳದಿರಲಾರೆ.

ಪ್ರಭಾತ್ ಮುಚ್ಚಿದ ಮೇಲೆ ಅದೇ ನೆಲದಲ್ಲಿ 1960ರಲ್ಲಿ ಚಲನಚಿತ್ರ ಶಿಕ್ಷಣಸಂಸ್ಥೆ ಎದ್ದಿತು. ಅದರ ಮೊದಲ ಮುಖ್ಯಸ್ಥರು ಈ ಜಾಗೀರ್‌ದಾರರೇ. 1974ರಲ್ಲಿ ಆ ಪೀಠಕ್ಕೆ ಬಂದವರು ಗಿರೀಶ ಕಾರ್ನಾಡರು. ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ (1978) ಚಿತ್ರಕ್ಕೆ ಕಲಾನಿರ್ದೇಶನ ಮಾಡಿದ ಪುಣೆಯ ವಾಸ್ತುಶಿಲ್ಪಿ ದಂಪತಿಗಳಾದ ನಚಿಕೇತ ಮತ್ತು ಜಯೂ ಪಟವರ್ಧನರು, ಅದರಲ್ಲಿ ಅಭಿನಯಿಸಿದ್ದ ಶಂಕರನಾಗರ ಸಹಭಾಗಿತ್ವದಿಂದ ಮಾರನೆಯ ವರ್ಷ ‘22 ಜೂನ್ 1897’ನ್ನು ಹೊರತಂದರು. ಸಂಭಾಷಣೆ ವಿಜಯ ತೆಂಡೂಲ್ಕರರದು.

1897ರಲ್ಲಿ ಪುಣೆಯಲ್ಲಿ ಪ್ಲೇಗಿನ ಮಾರಿ. ರೋಗಿಗಳನ್ನು ಹುಡುಕುವ ನೆವದಲ್ಲಿ ಬೂಟುಗಾಲಿನ ಸೋಲ್ಜರರು ದೇವರ ಕೋಣೆ, ಅಡುಗೆಮನೆಗಳೆನ್ನದೆ ನುಗ್ಗುತ್ತಿದ್ದುದಕ್ಕೆ ಕುದಿದ ಚಾಪೇಕರ್ ಸಹೋದರರು, ವಿಕ್ಟೋರಿಯಾ ರಾಣಿಯ ಆಳ್ವಿಕೆಯ 60 ವರ್ಷಗಳ ಉತ್ಸವದ ರಾತ್ರಿ, ಗಣೇಶಖಿಂಡದ ಗವರ್ನರರ ಬಂಗಲೆಯಿಂದ ಔತಣ ಮುಗಿಸಿ ಸಾರೋಟಿನಲ್ಲಿ ಹಿಂದಿರುಗುತ್ತಿದ್ದ ಪ್ಲೇಗು ಸಮಿತಿಯ ಅಧ್ಯಕ್ಷ ರ್‍ಯಾಂಡನನ್ನು ಗುಂಡಿಕ್ಕಿದರು. ಗುರುತಿಗೆಂದು ಕೂಗಿದ ‘ಗೊಂದ್ಯಾ ಆಲಾ ರೇ’ (ಗೊಂದ್ಯಾ ಬಂದನೋ) ಎಂಬ ಸಂಕೇತ ಇಂದಿಗೂ ಮರಾಠಿಗರ ಬಾಯಲ್ಲಿದೆ. ಅದೇ ರಾತ್ರಿ ಗುಂಡೇಟು ತಿಂದ ಲೆಫ್ಟಿನೆಂಟ್ ಐಯರ್ಸ್ಟ್ ಎಂಬವನು ಅಲ್ಲಿಯೇ ಸತ್ತ. ರ್‍ಯಾಂಡನು ಜುಲೈ 3ರವರೆಗೆ ಜೀವ ಹಿಡಿದಿದ್ದ. ಸುಳಿವು ಕೊಟ್ಟ ದ್ರಾವಿಡ ಸಹೋದರರೂ ಕೊಲೆಯಾದರು. 1898 ಮತ್ತು 1899ರಲ್ಲಿ ಒಂದೇ ಮನೆಯ ಮೂವರು ಗಂಡುಮಕ್ಕಳು, ದಾಮೋದರ, ವಾಸುದೇವ, ಬಾಲಕೃಷ್ಣ, ಗಲ್ಲಿಗೇರಿದರು.

ಇಂಥ ವಸ್ತು ಸಿಕ್ಕರೆ ಘೋಷಣೆ, ಧ್ವಜ, ತಾಯಿಯ ಕಣ್ಣೀರು, ಇವುಗಳಿಂದ ಚಿತ್ರವನ್ನು ತುಂಬುವುದು ಎಷ್ಟು ಸುಲಭ! ಪಟವರ್ಧನರು ಆ ಸುಲಭವನ್ನು ನಿರಾಕರಿಸಿದರು. ಹರಿದಾಸ ತಂದೆಯ ಮಕ್ಕಳಾದ ಆ ತರುಣರ ಧೈರ್ಯವನ್ನು ಹೇಗೋ ಹಾಗೆ, ಸಮಾಜಸುಧಾರಕರನ್ನು ಕಂಡರೆ ಆಗದ ಅವರ ಕಟ್ಟಾ ಸಂಪ್ರದಾಯನಿಷ್ಠೆಯನ್ನೂ ಅವರು ಮರೆಮಾಡಲಿಲ್ಲ. ಹುತಾತ್ಮರನ್ನು ಕಡಿಮೆ ಮಾಡದೆ, ದೊಡ್ಡದೂ ಮಾಡದೆ, ಅವರ ಕಾಲದ ಅಳತೆಯಲ್ಲಿಯೇ ಅವರನ್ನು ನಿಲ್ಲಿಸುವ ಈ ಸಂಯಮ ವೀರಗಾಥೆಗಿಂತ ಕಷ್ಟತರವಾದ ವಿದ್ಯೆ. ಜಯೂ ಪಟವರ್ಧನರ ಕಲಾನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಸಂದುದು ಅತ್ಯಂತ ಉಚಿತ: ಇಲ್ಲಿ ಮನೆಯೆಂಬುದು ಕಥೆಯ ಹಿನ್ನೆಲೆಯಲ್ಲ, ಕಥೆಯ ಕಾರಣ, ಹೊಸ್ತಿಲಿನ ಶುಚಿತ್ವ ಆ ಜನಕ್ಕೆ ಎಷ್ಟರದೆಂಬುದು ಕಣ್ಣಿಗೆ ಕಟ್ಟದಿದ್ದರೆ ಅದನ್ನು ದಾಟಿದ ಬೂಟಿಗೆ ಪ್ರತಿಯಾಗಿ ಪಿಸ್ತೂಲೇಕೆ ಎದ್ದಿತೆಂಬುದು ಅರ್ಥವಾಗದು. ಚಿತ್ರದಲ್ಲಿ ದೋಷವಿಲ್ಲವೆಂದಲ್ಲ. ತಿಲಕರ ಪುಣೆಯ ವಾದವಿವಾದಗಳನ್ನು ಬಲ್ಲವನಿಗಾಗಿಯೇ ಮಾಡಿದಂತಿರುವ ಅದರ ಮಿತಭಾಷಿತ್ವ ಹೊರಗಿನವನನ್ನು ಹಲವೆಡೆ ಹೊರಗೇ ನಿಲ್ಲಿಸುತ್ತದೆ.

ನಮ್ಮ ‘ರಣಧೀರ ಕಂಠೀರವ’, ‘ಕಿತ್ತೂರು ಚೆನ್ನಮ್ಮ’, ‘ಇಮ್ಮಡಿ ಪುಲಿಕೇಶಿ’, ‘ಶ್ರೀಕೃಷ್ಣದೇವರಾಯ’ಗಳೆಲ್ಲ ವ್ಯಕ್ತಿಯ ಹೆಸರನ್ನು ಹೊತ್ತವು, ಅಲ್ಲಿಯ ವಾಗ್ವೈಭವಕ್ಕೆ ಮಾರುಹೋದವರಲ್ಲಿ ನಾನೂ ಒಬ್ಬ. ಆದರೆ ಒಂದು ತಾರೀಖನ್ನೇ ಶಿರೋನಾಮೆಯಾಗಿಟ್ಟ ಪುಣೆಯ ಚಿತ್ರ, ಘಟನೆಯು ಯಾವ ಒಬ್ಬ ನಾಯಕನಿಗಿಂತಲೂ ದೊಡ್ಡದೆಂದು ಹೇಳುತ್ತದೆ. ಆ ಚಿತ್ರಕಥೆಯಲ್ಲಿ ದುಡಿದ ಶಂಕರನಾಗ್ 1990ರಲ್ಲಿ, ಇನ್ನೂ 35ರ ಪ್ರಾಯದಲ್ಲಿ ತೀರಿಕೊಂಡುದರಿಂದ ಕನ್ನಡದ ಐತಿಹಾಸಿಕ ಚಿತ್ರಕ್ಕಾದ ನಷ್ಟವನ್ನು ನಾವು ಸಾಕಷ್ಟು ಎಣಿಸಿಲ್ಲ. ಅಂಥ ಚಿತ್ರಕ್ಕೆ ತಕ್ಕ ವಸ್ತು ನಮ್ಮಲ್ಲೂ ಉಂಟು: ಶಿವಮೊಗ್ಗ ಸೀಮೆಯ ಈಸೂರಿನಲ್ಲಿ 1942ರ ಸ್ವಾತಂತ್ರ್ಯ ಹೋರಾಟದಲ್ಲಿ ಜನರ ಕೈಯಿಂದ ಸತ್ತ ಇಬ್ಬರು ಅಧಿಕಾರಿಗಳೂ, ಅದಕ್ಕಾಗಿ ಮರುವರ್ಷ ನೇಣಿಗೇರಿದ ಐವರೂ ಒಂದೇ ನಾಡಿನವರು, ಒಂದೇ ನುಡಿಯವರು. ಆ ಎರಡು ಕಡೆಯ ಮನೆಗಳೊಳಕ್ಕೂ ಸಮಾನವಾದ ಗೌರವದಿಂದ ಕ್ಯಾಮರಾವನ್ನು ಒಯ್ಯಬಲ್ಲ ಕನ್ನಡ ನಿರ್ದೇಶಕನಿಗೆ ಪುಣೆಯ ಈ ಚಿತ್ರದಿಂದ ಕಲಿಯತಕ್ಕದ್ದು ಬಹಳವಿದೆ.