ಹೆಲೆನ್ ಕೆಲ್ಲರ್ ಅವರ ಆತ್ಮಕಥೆ

ಹೆಲೆನ್ ಕೆಲ್ಲರ್ ಅವರು ೧೯೦೩ರಲ್ಲಿ ಪ್ರಕಟಿಸಿದ ‘ನನ್ನ ಜೀವನದ ಕಥೆ’ ಎಂಬ ಗ್ರಂಥವು ಮಕ್ಕಳು ಓದಲೇಬೇಕೆಂದು ಹಿರಿಯರು ಹೇಳುವ ಪುಸ್ತಕಗಳಲ್ಲೊಂದು. ಹತ್ತೊಂಬತ್ತು ತಿಂಗಳಿನಲ್ಲಿಯೇ ರೋಗದಿಂದ ದೃಷ್ಟಿಯನ್ನೂ ಶ್ರವಣವನ್ನೂ ಕಳೆದುಕೊಂಡ ಕೂಸು, ಏಳು ತುಂಬುವ ಮುನ್ನ ನೀರಿನ ಧಾರೆಗೆ ಕೈಯೊಡ್ಡಿ ನಿಂತು, ಶಬ್ದಕ್ಕೂ ವಸ್ತುವಿಗೂ ಇರುವ ಸಂಬಂಧವನ್ನು ಕಂಡುಕೊಂಡ ಪ್ರಸಂಗವನ್ನು ಅರಿಯದವರು ವಿರಳ. ವಾಚಕರು ಇದನ್ನು ಮನೋಬಲದ ವಿಜಯವೆಂದು ಓದಿ, ಕಣ್ಣೊರಸಿಕೊಂಡು, ಪುಸ್ತಕವನ್ನು ಮುಚ್ಚುವುದು ವಾಡಿಕೆ. ಸಾವಧಾನದಿಂದ ಓದಿದರೆ ಅದರಲ್ಲಿ ಇನ್ನೊಂದು ಕಥೆಯೂ ಉಂಟು. ನೆರವು ಎಲ್ಲಿ ದೊರೆಯುವುದೆಂದು ಅರಸಿದ ಕಥೆ ಅದು.

ಕುರುಡಿಯೂ ಕಿವುಡಿಯೂ ಆದ ಲಾರಾ ಬ್ರಿಜ್‌ಮನ್ ಎಂಬಾಕೆ ವಿದ್ಯೆ ಕಲಿತ ಸಂಗತಿಯನ್ನು ತಾಯಿಯು ಡಿಕನ್ಸ್ ಮಹಾಶಯನ ಪ್ರವಾಸಗ್ರಂಥದಲ್ಲಿ ಓದಿದ್ದರು. ತಂದೆಯು ಮಗಳನ್ನು ಬಾಲ್ಟಿಮೋರಿನ ನೇತ್ರವೈದ್ಯರಲ್ಲಿಗೆ ಕರೆದೊಯ್ದರು. ವೈದ್ಯರು ವಾಷಿಂಗ್ಟನ್ನಿನ ಅಲೆಗ್ಸಾಂಡರ್ ಗ್ರಹಾಂ ಬೆಲ್ಲರ ಕಡೆಗೆ ಕೈತೋರಿದರು. ಬೆಲ್ಲರು ಬಾಸ್ಟನ್ನಿನ ಪರ್ಕಿನ್ಸ್ ಅಂಧಶಾಲೆಗೆ ಪತ್ರ ಬರೆಯಹೇಳಿದರು. ಆ ಪತ್ರದ ಫಲವಾಗಿ ೧೮೮೭ರ ಮಾರ್ಚಿಯಲ್ಲಿ ಆನ್ ಸಲ್ಲಿವನ್ ಎಂಬ ಉಪಾಧ್ಯಾಯಿನಿಯು ಬಂದರು. ಒಂದು ಪುಸ್ತಕ, ಒಂದು ಪ್ರಯಾಣ, ಒಂದು ಪರಿಚಯ, ಒಂದು ಪತ್ರ. ಇವುಗಳಲ್ಲಿ ಒಂದು ತಪ್ಪಿದ್ದರೂ ಆ ನೀರಿನ ಧಾರೆಯು ಬರಿಯ ನೀರಾಗಿಯೇ ಹರಿದುಹೋಗುತ್ತಿತ್ತು. ಲೇಖಕಿಯು ಈ ಸರಪಣಿಯನ್ನು ಮರೆಮಾಚದೆ ಸರಳವಾಗಿ ನಿರೂಪಿಸಿರುವುದು ಗ್ರಂಥದ ದೊಡ್ಡ ಗುಣ.

ಆದರೆ ಓದುಬರಹವಾಗಲಿ ಅನುಕೂಲವಾಗಲಿ ಇಲ್ಲದ ಮನೆಯ ಮಗುವಿನ ಗತಿಯೇನು? ಇದಕ್ಕೆ ಉತ್ತರವು ಆ ಉಪಾಧ್ಯಾಯಿನಿಯ ಬಾಲ್ಯದಲ್ಲಿಯೇ ಇದ್ದಿತು. ದೃಷ್ಟಿಯು ಬಹುಮಟ್ಟಿಗೆ ನಷ್ಟವಾಗಿದ್ದ ಆನ್ ಬೆಳೆದದ್ದು ಟ್ಯೂಕ್ಸ್‌ಬರಿಯ ನಿರ್ಗತಿಕರ ಆಲಯದಲ್ಲಿ. ತಮ್ಮನು ಸತ್ತದ್ದೂ ಅಲ್ಲಿಯೇ. ತನಿಖೆಗೆಂದು ಬಂದ ಅಧಿಕಾರಿಗಳಲ್ಲಿ, ತನಗೆ ಶಾಲೆಗೆ ಹೋಗಬೇಕೆಂದು ಮೊರೆಯಿಟ್ಟು, ೧೮೮೦ರಲ್ಲಿ ಆ ಬಾಲಿಕೆಯು ಪರ್ಕಿನ್ಸ್ ಶಾಲೆಯನ್ನು ಸೇರಿದಳು. ಶಿಷ್ಯೆಗಾಗಿ ತಂದೆಯು ಪತ್ರ ಬರೆದನು. ಗುರುವಿಗಾಗಿ ಬರೆಯುವವರಾರೂ ಇರಲಿಲ್ಲ. ಈ ವೃತ್ತಾಂತವು ಗ್ರಂಥದಲ್ಲಿ ಇಲ್ಲ. ಸಲ್ಲಿವನ್ ಅವರು ಬಹುಕಾಲ ಇದನ್ನು ಶಿಷ್ಯೆಗೂ ತಿಳಿಸಿರಲಿಲ್ಲವಾದುದರಿಂದ ದೋಷವು ಲೇಖಕಿಯದಲ್ಲ. ಆದರೂ ಈ ಕೊರತೆಯಿಂದ ಕಥೆಯು ಅರ್ಧವಾಗಿದೆ.

ಲೇಖಕಿಯದೇ ಆದ ದೋಷ ಬೇರೊಂದುಂಟು. ರ‍್ಯಾಡ್‌ಕ್ಲಿಫ್ ಕಾಲೇಜಿನ ಪ್ರವೇಶಪರೀಕ್ಷೆಯಲ್ಲಿ ಬೀಜಗಣಿತದ ಪ್ರಶ್ನೆಗಳು ಅಮೆರಿಕದ ಬ್ರೈಲ್ ಚಿಹ್ನೆಗಳಲ್ಲಿ ಬರುವುವೆಂದು ಅವರಿಗೆ ತಿಳಿದದ್ದು ಎರಡು ದಿನ ಮುಂಚೆ. ಬೀಜಗಣಿತದಲ್ಲಿ ಅವರು ಅಭ್ಯಾಸಮಾಡಿದ್ದುದು ಇಂಗ್ಲಿಷ್ ಬ್ರೈಲನ್ನು. ಇದು ವಿದ್ಯಾರ್ಥಿನಿಯ ಕುಂದಲ್ಲ, ವ್ಯವಸ್ಥೆಯ ಕುಂದು. ಗ್ರಂಥದಲ್ಲಿ ಆ ಕಷ್ಟವು ಸ್ಪಷ್ಟವಾಗಿ ವರ್ಣಿತವಾಗಿದೆ. ಆದರೆ ಕೊನೆಗೆ, ಅಡ್ಡಿಗಳನ್ನೆಲ್ಲ ಗೆದ್ದೆನೆಂಬ ಸಮಾಧಾನದಲ್ಲಿ ದೂರು ಕರಗಿಹೋಗುತ್ತದೆ. ಒಬ್ಬರು ಗೆದ್ದರೆಂಬುದು ಮುಂದೆ ಪರೀಕ್ಷೆಗೆ ಕುಳಿತುಕೊಳ್ಳುವವರಿಗೆ ಉತ್ತರವಾಗಲಾರದು.

ಲೇಖಕಿಯು ಇದನ್ನು ತಾವೇ ಅರಿತರೆಂಬುದಕ್ಕೆ ೧೯೧೩ರ ‘ಕತ್ತಲಿನಿಂದ ಹೊರಗೆ’ ಎಂಬ ಲೇಖನಸಂಗ್ರಹವು ಸಾಕ್ಷಿ. ಕುರುಡುತನದ ಬೇರುಗಳನ್ನು ಅಲ್ಲಿ ಅವರು ಬಡತನದಲ್ಲಿಯೂ ಕಾರ್ಖಾನೆಗಳ ದುರವಸ್ಥೆಯಲ್ಲಿಯೂ ತೋರಿಸಿದರು. ಕೃತಜ್ಞತೆಯ ಮಾತು ಅಲ್ಲಿ ಹಕ್ಕಿನ ಮಾತಾಗಿದೆ. ಮೊದಲನೆಯ ಗ್ರಂಥದ ಲಾಲಿತ್ಯವು ಎರಡನೆಯದರಲ್ಲಿ ಇಲ್ಲ. ಆದರೆ ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಓದುವುದು ಲೇಖಕಿಗೆ ಮಾಡುವ ಅನ್ಯಾಯ.

ಭಾರತದಲ್ಲಿ ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮವು, ಪರೀಕ್ಷೆಯಲ್ಲಿ ಹೆಚ್ಚಿನ ಕಾಲ, ಬರೆದುಕೊಡುವ ಸಹಾಯಕ ಮೊದಲಾದ ಏರ್ಪಾಡುಗಳನ್ನು ಸರ್ಕಾರದ ಕರ್ತವ್ಯವೆಂದು ವಿಧಿಸಿದೆ. ಅದನ್ನು ಕೇಳಿ ಪಡೆಯಬೇಕಾದವರಿಗೆ ಅದು ಇರುವ ಸಂಗತಿಯೇ ತಿಳಿಯದಿದ್ದರೆ, ಅವರು ಮತ್ತೆ ಯಾರದೋ ಪರಿಚಯವನ್ನೂ ದಯೆಯನ್ನೂ ನಂಬಿ ಕುಳಿತಿರಬೇಕಾಗುವುದು. ಮಕ್ಕಳಿಗೆ ಈ ಆತ್ಮಕಥೆಯನ್ನು ಕೊಡುವ ಹಿರಿಯರು ನೀರಿನ ಧಾರೆಯ ಪುಟದೊಡನೆ ಪತ್ರದ ಪುಟವನ್ನೂ ಪರೀಕ್ಷೆಯ ಪುಟವನ್ನೂ ಓದಿಸುವುದು ಯುಕ್ತ. ಧೈರ್ಯವನ್ನು ಮೆಚ್ಚುವುದು ಸುಲಭ; ಅಷ್ಟು ಧೈರ್ಯವಿಲ್ಲದ ಮಗುವಿಗೂ ಶಾಲೆಯ ಬಾಗಿಲು ತೆರೆದಿರಬೇಕೆಂಬುದೇ ಈ ಗ್ರಂಥದಿಂದ ಕಲಿಯತಕ್ಕ ಪಾಠ.