ಪ್ರಭುದೇವರ ವಚನಗಳಿಗೆ ಪ್ರವೇಶದ್ವಾರ

ಬಸವಣ್ಣನವರ ವಚನಗಳನ್ನು ಬಾಲ್ಯದಿಂದಲೇ ಕಂಠಪಾಠ ಮಾಡಿದ ವಾಚಕರೂ ಅಲ್ಲಮಪ್ರಭುಗಳ ಬಳಿಗೆ ಬಂದಾಗ ಬಾಗಿಲಲ್ಲಿಯೇ ನಿಂತುಬಿಡುವುದುಂಟು. ಶೂನ್ಯಪೀಠದ ಅಧ್ಯಕ್ಷರೆಂದು ಅವರಿಗೆ ಸಲ್ಲುವ ಗೌರವಕ್ಕೆ ಕುಂದಿಲ್ಲ. ಆದರೆ ಪೂಜೆ ನಡೆಯುವಷ್ಟು ಓದು ನಡೆಯುತ್ತಿಲ್ಲ. ಮುದ್ರಿತ ಪಾಠಗಳ ಅಭಾವ ಇದಕ್ಕೆ ಕಾರಣವೆನ್ನುವಂತಿಲ್ಲ. 1923ರಲ್ಲಿ ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ ಪ್ರಕಟವಾದಂದಿನಿಂದ 1993ರ ಹದಿನೈದು ಸಂಪುಟಗಳ ‘ಸಮಗ್ರ ವಚನ ಸಂಪುಟ’ದವರೆಗೆ ವಿದ್ವಾಂಸರು ತಮ್ಮ ಹೊಣೆಯನ್ನು ನಿರ್ವಹಿಸಿದ್ದಾರೆ. ಕೊರತೆಯಿರುವುದು ಹೊಸ ವಾಚಕನ ಕೈಗೆ ಪ್ರಭುದೇವರನ್ನು ಒಪ್ಪಿಸುವ ಕ್ರಮದಲ್ಲಿ.

ವಚನಾಭಿಮಾನಿಗಳು ಸಾಮಾನ್ಯವಾಗಿ ತಮ್ಮನ್ನು ಬೆರಗುಗೊಳಿಸಿದ ಬೆಡಗಿನ ವಚನವನ್ನೇ ಇತರರ ಮುಂದೆ ಮೊದಲು ಇರಿಸುತ್ತಾರೆ. ಅದರ ಬೆನ್ನಿಗೇ ಟೀಕೆ ಬರುತ್ತದೆ. ವಚನದಲ್ಲಿ ಬಂದ ಮೃಗ, ಪಕ್ಷಿ, ವೃಕ್ಷಗಳಿಗೆಲ್ಲ ಒಂದೊಂದು ತತ್ತ್ವವನ್ನು ಹೊಂದಿಸಿದೊಡನೆ ಅರ್ಥ ಮುಗಿಯಿತೆಂಬ ಭಾವನೆ ಉಂಟಾಗುತ್ತದೆ. ಒಗಟಿನ ಉತ್ತರ ತಿಳಿದ ಮೇಲೆ ಒಗಟಿನ ಹಂಗೇಕೆ? ವಾಚಕನು ಪರಿಭಾಷೆಯನ್ನು ಕಲಿಯುತ್ತಾನೆಯೇ ಹೊರತು ವಚನದ ದನಿಯನ್ನು ಕೇಳುವುದಿಲ್ಲ. ಟೀಕಾಕಾರರ ಪರಿಶ್ರಮ ಅಲ್ಪವಾದುದಲ್ಲ. ಆದರೆ ಅದು ಎರಡನೆಯ ಓದಿಗೆ ಒದಗಬೇಕಾದ ನೆರವು.

ಎರಡನೆಯದು ಚರಿತ್ರೆಯ ಹಾದಿ. ಇಲ್ಲಿ ಹರಿಹರನೂ ಚಾಮರಸನೂ ಎದುರಾಗುತ್ತಾರೆ. ಇಬ್ಬರೂ ತೋರುವ ಅಲ್ಲಮ ಒಬ್ಬನೇ ಅಲ್ಲ. ಹರಿಹರನ ‘ಪ್ರಭುದೇವರ ರಗಳೆ’ಯಲ್ಲಿ ಮದ್ದಳೆಗಾರನಾದ ಅಲ್ಲಮನು ಕಾಮಲತೆಯಲ್ಲಿ ಅನುರಕ್ತನಾಗಿ, ಅವಳ ಮರಣದಿಂದ ಕಂಗೆಟ್ಟು ಅಲೆದು, ನೆಲದಲ್ಲಿ ಹುದುಗಿದ್ದ ಗುಡಿಯೊಳಗೆ ಅನಿಮಿಷನನ್ನು ಕಂಡು ಲಿಂಗವನ್ನು ಪಡೆಯುತ್ತಾನೆ. ಹದಿನೈದನೆಯ ಶತಮಾನದ ಚಾಮರಸನಿಗೆ ಈ ವಿರಹ ಒಪ್ಪಿಗೆಯಾಗಲಿಲ್ಲ. ಅವನ ‘ಪ್ರಭುಲಿಂಗಲೀಲೆ’ಯಲ್ಲಿ ಮಾಯೆಯೇ ಬನವಾಸಿಯ ರಾಜಕುವರಿಯಾಗಿ ಬಂದು ಸೋಲುತ್ತಾಳೆ; ಪ್ರಭು ಆದಿಯಿಂದಲೂ ನಿರ್ಲಿಪ್ತ. ಭಾಮಿನಿ ಷಟ್ಪದಿಯ ಇಪ್ಪತ್ತೈದು ಗತಿಗಳ ಈ ಕಾವ್ಯ ವಾಚನಕ್ಕೆ ಅತಿ ಮನೋಹರವಾದುದು. ಶಿವಪ್ರಕಾಶರ ಮೂಲಕ ತಮಿಳಿಗೂ ಸಂದಿತು. ಆದರೆ ಇಲ್ಲಿ ಪ್ರತಿಯೊಂದು ಭೇಟಿಯ ಫಲವೂ ಮೊದಲೇ ನಿಶ್ಚಿತ. ಗೆಲ್ಲುವವರು ಯಾರೆಂದು ತಿಳಿದಿರುವಲ್ಲಿ ಕೇಳುಗನ ಮನಸ್ಸು ಭಕ್ತಿಯಿಂದ ತಣಿಯುತ್ತದೆ, ಪ್ರಶ್ನೆಯಿಂದ ಕದಡುವುದಿಲ್ಲ. ಕಥೆಯನ್ನೇ ಬಯಸುವವನು ಹರಿಹರನಿಂದ ತೊಡಗುವುದು ಲೇಸು. ದುಃಖವನ್ನುಂಡ ಮನುಷ್ಯನೊಬ್ಬನು ಗುಹೇಶ್ವರನೆಂಬ ಅಂಕಿತಕ್ಕೆ ಬಂದು ಸೇರುವ ಬಗೆಯಾದರೂ ಅಲ್ಲಿ ಕಾಣುತ್ತದೆ.

ಇವೆರಡಕ್ಕಿಂತ ಪ್ರಶಸ್ತವಾದುದು ‘ಶೂನ್ಯಸಂಪಾದನೆ’ಯ ಹಾದಿ; ಅದರಲ್ಲಿಯೂ ಗ್ರಂಥದ ಆರಂಭಭಾಗದಲ್ಲಿಯೇ ಬರುವ ಮುಕ್ತಾಯಕ್ಕನ ಪ್ರಸಂಗ. ಗುಪ್ತಭಕ್ತನಾದ ಅಜಗಣ್ಣನು ಆಕೆಗೆ ಅಣ್ಣನೂ ಹೌದು, ಗುರುವೂ ಹೌದು. ಅವನನ್ನು ಕಳೆದುಕೊಂಡು ಶೋಕಿಸುತ್ತಿರುವ ಆ ಹೆಣ್ಣುಮಗಳ ಎದುರಿಗೆ ಪ್ರಭು ಬಂದು ನಿಲ್ಲುತ್ತಾರೆ. ಆಕೆ ಸುಲಭವಾಗಿ ಸಮಾಧಾನಗೊಳ್ಳುವವಳಲ್ಲ. ಮಾತಿನಲ್ಲಿ ತೊಡಗಿರುವವರ ಅರಿವನ್ನೇ ಪ್ರಶ್ನಿಸುತ್ತಾಳೆ. ಇಲ್ಲಿ ವಚನಕ್ಕೆ ಒಂದು ಸಂದರ್ಭವಿದೆ, ಕೇಳುವ ಕಿವಿಯಿದೆ, ಮರುನುಡಿಯಿದೆ. ಪರಿಭಾಷೆಯನ್ನರಿಯದ ವಾಚಕನೂ ಶೋಕವನ್ನು ಬಲ್ಲನಾದುದರಿಂದ ಈ ಸಂವಾದದಲ್ಲಿ ಅವನು ಹೊರಗಿನವನಾಗುವುದಿಲ್ಲ.

ಇದಕ್ಕೊಂದು ಆಕ್ಷೇಪವುಂಟು, ಅದು ನ್ಯಾಯವಾದುದೇ. ಶೂನ್ಯಸಂಪಾದನೆ ಹನ್ನೆರಡನೆಯ ಶತಮಾನದ ಸಂಭಾಷಣೆಯ ವರದಿಯಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನು ಬಿಡಿ ವಚನಗಳನ್ನು ಸಂವಾದರೂಪದಲ್ಲಿ ಪೋಣಿಸಿದನು. ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ ಇವರು ಅದನ್ನು ಪರಿಷ್ಕರಿಸಿದರು. ಸಂದರ್ಭವು ಸಂಪಾದಕರದು, ಅದು ವಚನದ ಅರ್ಥವನ್ನು ಒಂದೆಡೆ ಕಟ್ಟಿಹಾಕುವುದೂ ಉಂಟು. ಆದುದರಿಂದ ಅಲ್ಲಿಯೇ ನಿಲ್ಲಲಾಗದು. ಪ್ರಸಂಗವನ್ನು ಓದಿದ ಬಳಿಕ ಎಲ್. ಬಸವರಾಜು ಅವರ ‘ಅಲ್ಲಮನ ವಚನ ಚಂದ್ರಿಕೆ’ಯಂತಹ ಸಂಕಲನದಲ್ಲಿ ಅವೇ ವಚನಗಳನ್ನು ಬಿಡಿಯಾಗಿ ಓದಬೇಕು. ಸಂದರ್ಭವನ್ನು ಕಳಚಿದಾಗ ಯಾವ ಮಾತು ಇನ್ನೂ ಕಾಡುತ್ತದೆಯೋ ಅದನ್ನು ಹಿಡಿದು ಮುಂದುವರಿಯಬೇಕು. ಬೆಡಗಿನ ವಚನಗಳಿಗೂ ಅವುಗಳ ಟೀಕೆಗಳಿಗೂ ಆಗ ಸಮಯ ಬಂದಿರುತ್ತದೆ.

ತಾನು ಮೆಚ್ಚಿದುದನ್ನು ಇನ್ನೊಬ್ಬರಿಗೆ ಹಂಚುವವನು ತನ್ನ ಬೆರಗನ್ನು ವರ್ಣಿಸುವುದಕ್ಕಿಂತ ಕೇಳುವವನು ಎಲ್ಲಿ ನಿಂತಿದ್ದಾನೆಂಬುದನ್ನು ಗಮನಿಸುವುದು ಮುಖ್ಯ. ಶಾಲೆಗಳಲ್ಲಿ, ಮಠಗಳ ಅನುಭಾವಗೋಷ್ಠಿಗಳಲ್ಲಿ ಒಂದು ಸಂಜೆ ಮುಕ್ತಾಯಕ್ಕನ ಪ್ರಸಂಗವೊಂದನ್ನೇ ಎತ್ತಿಕೊಂಡು, ಒಬ್ಬರು ಆಕೆಯ ವಚನಗಳನ್ನೂ ಇನ್ನೊಬ್ಬರು ಪ್ರಭುದೇವರ ವಚನಗಳನ್ನೂ ಓದಿ, ವ್ಯಾಖ್ಯಾನವನ್ನು ಮರುದಿನಕ್ಕೆ ಉಳಿಸಬಹುದು. ಇದಕ್ಕೆ ಎರಡು ಪ್ರತಿಗಳೂ ಇಬ್ಬರು ಓದುಗರೂ ಇದ್ದರೆ ಸಾಕು.